ದವಡೆ ಮುಂದಿಟ್ಟು ಮಲಗುವುದು

ಗೊರಕೆ ಹೊಡೆಯುವವನಿಗೆ ಒಂದು ಸೌಕರ್ಯವಿದೆ: ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅದನ್ನು ಕೇಳಿರುತ್ತಾರೆ. ಹೆಂಡತಿ ಸಲೋಮಿ ಎಷ್ಟು ದೂರಿದರೂ, ಭಾಲ್ಕಿಯ ಶಾಲೆಯಲ್ಲಿ ದಿನವಿಡೀ ವ್ಯಾಕರಣ ಕಲಿಸಿ ದಣಿದವನ ಸುಖನಿದ್ರೆ ಅದು ಎಂದು ನಾನು ಬೀಗುತ್ತಿದ್ದೆ. ಅಷ್ಟು ಸುಖವಾಗಿ ಮಲಗಿದವನು ತರಗತಿಯಲ್ಲಿ ಯಾಕೆ ತೂಕಡಿಸಬೇಕು ಎಂಬ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಬಸ್ಸಿನಲ್ಲಿ. ಠಾಣಾ ಕುಶನೂರಿನಲ್ಲಿ ಮದುವೆಯೂಟ ಮುಗಿಸಿ ಮಧ್ಯಾಹ್ನದ ಬಸ್ಸು ಹತ್ತಿ, ಕಿಟಕಿಗೆ ತಲೆ ಆನಿಸಿದ್ದಷ್ಟೇ ನೆನಪು. ಎಚ್ಚರವಾದಾಗ ಬಸ್ಸು ತೊಗರಿ ಹೊಲದ ಪಕ್ಕ ನಿಂತಿತ್ತು. ನನ್ನ ಮುಖ, ಅಂಗಿ ಎಲ್ಲ ತೊಯ್ದಿದ್ದವು. ಪಕ್ಕದ ಸೀಟಿನ ಮುದುಕಿ ಅಳುತ್ತಿದ್ದಳು. ಖಾಲಿ ಬಾಟಲಿ ಹಿಡಿದ ಕಂಡಕ್ಟರ್ ನನ್ನ ಮೇಲೆ ಬಾಗಿ ಕೇಳಿದ: "ಸರ್, ಜಿಂದಾ ಇದ್ದೀರೇನ್ರಿ?"

"ಯಾಕ್ರಿ, ಏನಾತು?"

"ಗೊರಕಿ ಹೊಡಿತಿದ್ದಿ. ಒಮ್ಮಿಗೇ ಗಪ್ ಆದಿ," ಎಂದಳು ಮುದುಕಿ. "ದಮ್ಮೇ ಇರಲಿಲ್ಲ. ಹೋದಿ ನನ್ನಪ್ಪ ಅಂದ್ಕೊಂಡೆ."

ನನ್ನ ಸಾವಿನ ಸುದ್ದಿಯನ್ನು ನನಗೇ ಹೇಳಿದ್ದಕ್ಕೆ ನಗು ಬರಬೇಕಿತ್ತು. ನಗದೆ, ಮರುದಿನವೇ ಆಸ್ಪತ್ರೆಯ ದಾರಿ ಹಿಡಿದೆ.

ಬೀದರಿನಲ್ಲಿ ಮೈಗೆಲ್ಲ ತಂತಿ ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದ ಡಾಕ್ಟರು ತಣ್ಣಗೆ ಹೇಳಿದರು: "ನಿದ್ದ್ಯಾಗ ನಾಲಗಿ ಹಿಂದ ಸರಿದು ಗಂಟಲ ಮುಚ್ತದರಿ. ಒಮ್ಮೆ ಅಲ್ಲ, ಮ್ಯಾಲಿಂದ ಮ್ಯಾಲ." ಗಾಳಿ ಊದುವ ಮುಖವಾಡ ಕೊಟ್ಟು ನೋಡಿದರು, ಕಟ್ಟಿಕೊಂಡರೆ ನನಗೆ ನಿದ್ದೆಯೇ ಹತ್ತಲಿಲ್ಲ. ಆಮೇಲೆ ದಂತವೈದ್ಯೆಯೊಬ್ಬರ ಹತ್ತಿರ ಕಳಿಸಿದರು. ಅವರು ಹಲ್ಲಿನ ಅಚ್ಚು ತೆಗೆದು, ಮೇಲೊಂದು ಕೆಳಗೊಂದು ಕೂರುವ ಸಾಧನ ಮಾಡಿಸಿದರು. ಅದು ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುತ್ತದೆ. ದವಡೆಯ ಜೊತೆ ನಾಲಗೆಯೂ ಮುಂದೆ ಬಂದು ಗಾಳಿಗೆ ದಾರಿ ಬಿಡುತ್ತದೆ. ಮೊದಮೊದಲು ಬೆಳಿಗ್ಗೆ ದವಡೆ ನೋಯುತ್ತಿತ್ತು, ಹಲ್ಲಿಗೆ ಹಲ್ಲು ಕೂಡದೆ ಜೋಳದ ರೊಟ್ಟಿ ಬಾಯಿಯಲ್ಲೇ ಅಲೆಯುತ್ತಿತ್ತು. ಬರಬರುತ್ತ ಒಗ್ಗಿತು. ಸಾಧನ ಹಾಕಿಕೊಂಡೇ ಮತ್ತೆ ಪರೀಕ್ಷೆಗೆ ಮಲಗಿದೆ; ಡಾಕ್ಟರು ಈ ಸಲ ನಕ್ಕರು. ತರಗತಿಯಲ್ಲಿ ಈಗ ತೂಕಡಿಸುವವರು ಮಕ್ಕಳು ಮಾತ್ರ.

ಒಂದು ಮುಂಜಾನೆ ಬಿಸಿಲೇರಿದರೂ ಸಲೋಮಿ ಎದ್ದಿರಲಿಲ್ಲ. ಗಾಬರಿಯಾಗಿ ಅಲುಗಿಸಿದೆ. "ಮೈಯಾಗ ಆರಾಮಿಲ್ಲೇನು?"

"ಈಗರ ಮಲಗ್ಲಿಕ್ಕೆ ಬಿಡ್ರಿ. ಇಷ್ಟ್ ವರ್ಷ ನಿಮ್ಮ ದಮ್ಮು ನಿಂತಾಗೆಲ್ಲ ಮೊಣಕೈಲೆ ತಿವಿದು ತಿವಿದು ಉಸಿರಾಡಿಸೀನಿ."

ಬಸ್ಸಿನಲ್ಲಿ ಸತ್ತಾಗಲೂ ನನಗೆ ಇಂಥ ಆಘಾತವಾಗಿರಲಿಲ್ಲ. "ಮತ್ತ ನನಗ ಹೇಳಬಾರದಾ?"

"ಹೇಳೀನಲ್ರಿ, ದಿನಾ. ನೀವು ಮಲಗಿದ್ರಿ."

ಅವಳು ಕೌದಿ ಎಳೆದುಕೊಂಡು ಆ ಕಡೆ ಹೊರಳಿದಳು. ನಾನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಹೊರಗೆ ಬಂದೆ. ಉಸಿರಾದರೂ ಪೂರ್ತಿ ನನ್ನದು ಎಂದುಕೊಂಡಿದ್ದೆ. ಅದರಲ್ಲೂ ಅರ್ಧ ಅವಳ ಮೊಣಕೈಯದು.