ಗಂಡನ ಮಾತು ಮೈಕಿನಲ್ಲಿ

ಕೈಸನ್ನೆಯನ್ನು ಬಾಯಿಮಾತಿಗೂ ಬಾಯಿಮಾತನ್ನು ಕೈಸನ್ನೆಗೂ ತಿರುಗಿಸುವುದು ಅವಳ ಕಸುಬು. ರಾಜಕೀಯ, ಇತಿಹಾಸ, ಸಾಹಿತ್ಯ, ಯಾವ ಚರ್ಚೆಯಾದರೂ ವೇದಿಕೆಯ ಮೂಲೆಯಲ್ಲಿ ಅವಳಿರಲೇಬೇಕು. ಕಟ್ಟಳೆ ಒಂದೇ: ಯಾರ ಮಾತು ಹೇಳುತ್ತಾಳೋ ಅವರಾಗಿ ‘ನಾನು’ ಎನ್ನಬೇಕು, ಕೂಡಿಸಬಾರದು, ಕಳೆಯಬಾರದು. ಮೈ ಉರಿಸುವ ಮಾತನ್ನೂ ಹಾಗೇ ಹೇಳಿ, ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾಳೆ. ಬಡಗಿ ಗಂಡ ಕಿವುಡ, ಆ ಸದ್ದು ಕೇಳಿಸದು. ನಡುಗುವ ಮೇಜು ಮುಟ್ಟಿ, ‘ಇವತ್ತು ಯಾರು ಮಾತಾಡಿದ್ದು?’ ಎಂದು ಕೈಯಲ್ಲೇ ಕೇಳಿ ನಗುತ್ತಾನೆ.

ಆ ಸಂಜೆಯ ಚರ್ಚೆಗೆ ಅವಳು ತುದಿಗಾಲಲ್ಲಿ ನಿಂತಿದ್ದಳು. ಕಿವುಡ ಮಕ್ಕಳ ಶಾಲೆಯ ಬಾಗಿಲಲ್ಲಿರುವ ಸಂಸ್ಥಾಪಕನ ಪ್ರತಿಮೆ ಇರಬೇಕೋ, ಬೇಡವೋ? ಶಾಲೆ ಕಟ್ಟಿಸಿದವನು ಅವನೇ. ಮಕ್ಕಳು ಬಾಯಲ್ಲೇ ಮಾತಾಡಲಿ ಎಂದು ಅವರ ಕೈ ಕಟ್ಟಿಸುವ ನಿಯಮ ಮಾಡಿದವನೂ ಅವನೇ; ಆ ನಿಯಮ ಈಗಿಲ್ಲ. ಕೊನೆಗೆ ಸಭಿಕರು ಕೈ ಎತ್ತಿ ತೀರ್ಮಾನಿಸುವುದು ಎಂದಾಗಿತ್ತು. ತೆಗೆಯಲೇಬೇಕೆಂಬುದು ಅವಳ ಹಟ. ಗಂಡ ಓದಿದ್ದು ಅಲ್ಲೇ. ‘ನಿಮ್ಮ ಕೈಯನ್ನೂ ಕಟ್ಟಿದ್ರಾ?’ ಎಂದು ಕೇಳಿದಾಗಲೆಲ್ಲ ಅವನು ಮಾತು ತೇಲಿಸಿಬಿಡುತ್ತಿದ್ದ.

ಶಾಲೆಯ ಸಭಾಂಗಣ ಕಾವೇರಿತ್ತು. ‘ತೆಗೀರಿ’ ಎಂದವರಿಗೆಲ್ಲ ಭರ್ಜರಿ ಚಪ್ಪಾಳೆ. ಅಷ್ಟರಲ್ಲಿ, ಎಂದೂ ಸಭೆಯಲ್ಲಿ ಏಳದ ಗಂಡ ಎದ್ದು ನಿಂತ. ಅವಳು ಖುಷಿಯಿಂದ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವನ ಕೈ ಆಡತೊಡಗಿತು. ಮೈಕಿನಲ್ಲಿ ಅವಳ ದನಿ ಕೇಳಿತು.

“ನಾನು ಇಲ್ಲೇ ಓದಿದ್ದು. ನನ್ನ ಕೈನೂ ಬೆಂಚಿಗೆ ಕಟ್ಟಿದ್ರು. ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ.”

ಅವಳು ನೀರಿನ ಲೋಟಕ್ಕೆ ಕೈ ಚಾಚಿದಳು. ಗಂಡ ಸಾವಕಾಶವಾಗಿ ಕಾದ. ಅವಳು ಒಂದು ಗುಟುಕು ನೀರು ಕುಡಿದು ತಲೆಯಾಡಿಸಿದಳು. ಅವನ ಮುಂದಿನ ಸನ್ನೆ: ಪ್ರತಿಮೆ ಇರಲಿ.

ಅವಳು ದಂಗಾದಳು. ಈ ಮಾತನ್ನು ಕೊಂಚ ಮೆತ್ತಗೆ ಮಾಡಿದರೆ ಸಾಕು, ಸಭೆ ತನ್ನ ಕಡೆಗೇ ಉಳಿಯುತ್ತದೆ, ಯಾರಿಗೆ ಗೊತ್ತಾಗಬೇಕು? ಆದರೆ ಆ ಕೈಗಳನ್ನು ಒಮ್ಮೆ ಕಟ್ಟಿದ್ದು ಸಾಲದೇ, ಈಗ ತಾನೂ ಕಟ್ಟುವುದೇ?

“ಪ್ರತಿಮೆ ಇರ್ಲಿ,” ಎಂದಳು, ಗಟ್ಟಿಯಾಗಿ. “ಅವನ ಕಣ್ಣೆದುರಿಗೇ ಮಕ್ಕಳು ದಿನಾ ಕೈಯಲ್ಲಿ ಹರಟೆ ಹೊಡೀಲಿ, ಜಗಳ ಆಡ್ಲಿ. ಅವನೇ ಇಲ್ದಿದ್ರೆ ನಾವು ಗೆದ್ದಿದ್ದನ್ನ ನೋಡೋರ್ಯಾರು? ನನ್ನ ಹೆಂಡ್ತಿ ಇದನ್ನ ಒಪ್ಪಲ್ಲ, ಹಟಮಾರಿ. ಆದ್ರೂ ಒಂದಕ್ಷರ ತಪ್ಪದೆ ಹೇಳ್ತಾಳೆ.”

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವು. ಪ್ರತಿಮೆ ಉಳಿಯಿತು; ಅವಳ ಪಕ್ಷ ಅವಳ ದನಿಯಿಂದಲೇ ಸೋತಿತು.

ಹೊರಗೆ ಬಂದದ್ದೇ ಅವಳು ಗಂಡನನ್ನು ತಡೆದು ನಿಲ್ಲಿಸಿದಳು. ಇಷ್ಟು ವರ್ಷ ಮುಚ್ಚಿಟ್ಟಿದ್ದಕ್ಕೆ ಒಂದು ಜಗಳ, ಊರೆದುರು ಹಟಮಾರಿ ಎಂದದ್ದಕ್ಕೆ ಇನ್ನೊಂದು. ನಾಲ್ಕೂ ಕೈಗಳು ಬಿಡುವಿಲ್ಲದೆ ಆಡಿದವು. ನಡುವೆ ಅವಳು ತಲೆ ಎತ್ತಿದರೆ, ತಾವು ನಿಂತದ್ದು ಪ್ರತಿಮೆಯ ಕಾಲಬುಡದಲ್ಲಿ. ಕಣ್ಣು ತುಂಬಿ ಬಂತು, ನಗುವೂ ಬಂತು. ಒಪ್ಪಲು ಮಾತ್ರ ಅವಳು ತಯಾರಿರಲಿಲ್ಲ. ‘ನನ್ನ ಮಾತಿನ್ನೂ ಮುಗಿದಿಲ್ಲ’ ಎಂದು ಸನ್ನೆ ಮಾಡಿ, ಅಲ್ಲೇ ನಿಂತು ಮುಂದುವರಿಸಿದಳು.