ಅತ್ತೆಯ ಅಳು ಊರೂರು ತಿರುಗಿದ್ದು

ನನ್ನ ಗಂಡನಿಗೆ ಇಲಿಜ್ವರ ಬಂದದ್ದು ಒಂದು ಮಳೆಗಾಲದ ನಡುವೆ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವಗಳಿಗೆ ಮೈಕು, ಲೈಟು ಹಾಕಿಸುವುದು, ಹಾಡು, ಭಾಷಣ ರೆಕಾರ್ಡ್ ಮಾಡಿಕೊಡುವುದು ಅವರ ಕೆಲಸ. ಉಡುಪಿ ಕಡೆಯ ಎಲ್ಲೂರು ಎಂಬ ಹಳ್ಳಿಯ ನಮ್ಮ ಮನೆಯಿಂದ ಕಾಪು, ಬೆಳ್ಮಣ್‌ವರೆಗೆ ಅವರನ್ನು ಗುರುತಿಸದವರು ಕಡಿಮೆ. ಎಲ್ಲೋ ಕೆಸರು ನೀರಿನಲ್ಲಿ ನಿಂತು ವಯರ್ ಎಳೆದಿದ್ದರು, ಕಾಲಿನಲ್ಲಿ ಗಾಯವೂ ಇತ್ತು. ಮೊದಲು ಮೈಕೈ ನೋವೆಂದರು, ಆಮೇಲೆ ಕಣ್ಣು ಕೆಂಪಾಯಿತು. ಮೂತ್ರ ನಿಂತುಹೋದ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಓಡಿದೆವು. ಕಿಡ್ನಿಗೆ ಪೆಟ್ಟು ಬಿದ್ದಿದೆ, ಡಯಾಲಿಸಿಸ್ ಬೇಕು, ಏನೂ ಹೇಳಲಾಗುವುದಿಲ್ಲ ಎಂದರು ವೈದ್ಯರು.

ನಾನು ಕಾಪುವಿನ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಶಾಲೆಗೆ ರಜೆ ಹಾಕಿ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಅತ್ತೆಯ ಜೊತೆ ಕುಳಿತಿರುತ್ತಿದ್ದೆ. ಅತ್ತೆ ಯಾರ ಮುಂದೆಯೂ ಕೈ ಚಾಚಿದ ಹೆಂಗಸಲ್ಲ. ಪಕ್ಕದ ಮನೆಯಿಂದ ಒಂದು ಹಿಡಿ ಕರಿಬೇವು ತಂದರೂ ಮರುದಿನ ನಾಲ್ಕು ಬಾಳೆಲೆಯನ್ನಾದರೂ ಕೊಟ್ಟು ಬರುತ್ತಿದ್ದರು.

ಆ ಯುವಕ ನಮ್ಮ ಬಳಿ ಬಂದದ್ದು ಅಲ್ಲಿಯೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಬಂದವನೇ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದ, ತುಳುವಿನಲ್ಲೇ ಮಾತಾಡಿಸಿದ.

"ಎಂತ ಆಯ್ತು ಅಮ್ಮ? ಮಗನಾ ಒಳಗಿರುವುದು?"

ತಾನು ಬಡ ರೋಗಿಗಳಿಗೆ ನೆರವು ಒದಗಿಸುವ ಸೇವಾ ತಂಡದವನೆಂದು ಹೇಳಿದ. ನಮಗಿಬ್ಬರಿಗೂ ಚಹಾ, ಬನ್ಸ್ ತಂದುಕೊಟ್ಟ. ಮಾರನೆಯ ದಿನವೂ ಬಂದ. ಯಾವ ಹಾಸಿಗೆಯವರಿಗೆ ಯಾವ ಕಾಯಿಲೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ನಿಜವಾಗಿಯೂ ಸೇವೆ ಮಾಡುವವರು ಆ ಕಾರಿಡಾರಿನಲ್ಲಿ ಓಡಾಡುತ್ತಲೇ ಇರುತ್ತಾರೆ. ಅವರಿಗೂ ಇವನಿಗೂ ನೋಟದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. "ಅಮ್ಮ ಒಂದು ಎರಡು ಮಾತು ಹೇಳಿದರೆ ಸಾಕು, ವಿಡಿಯೋ ಮಾಡಿ ಹಾಕುವ. ಊರಿನವರು ಕೈಬಿಡುವುದಿಲ್ಲ" ಎಂದ. ಅತ್ತೆ ಮೊದಲು ಒಪ್ಪಲಿಲ್ಲ. ಆ ಸಂಜೆ ಮಗನ ಉಸಿರಾಟಕ್ಕೆ ಯಂತ್ರ ಹಾಕಿದರು. ಆಗ ಅವರೇ ಅವನನ್ನು ಕರೆದರು.

ಕಿಟಕಿಯ ಪಕ್ಕ ನಿಲ್ಲಿಸಿ ಮೊಬೈಲ್ ಹಿಡಿದ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನಗಿರುವುದು ಇವನೊಬ್ಬನೇ. ಉಳಿಸಿಕೊಡಿ" ಎಂದರು. ಮುಂದಿನ ಮಾತು ಅಳುವಿನಲ್ಲಿ ಹೋಯಿತು. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಳು ಮುಗಿಯುವವರೆಗೂ ಮೊಬೈಲ್ ಹಿಡಿದುಕೊಂಡೇ ಇದ್ದ.

ಕಳುಹಿಸುವ ಮೊದಲು ನನಗೆ ತೋರಿಸಿದ. ಕೆಳಗೆ ನನ್ನದೇ ಹೆಸರು, ನನ್ನದೇ ಖಾತೆ ಸಂಖ್ಯೆ. ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ, ಸರಿಯಿತ್ತು. ಆದರೆ ಊರಿಗೆ ಹೋದ ವಿಡಿಯೋವೇ ಬೇರೆ. ಅದರಲ್ಲಿ ನನ್ನ ಹೆಸರು ಮಾತ್ರ ಉಳಿದಿತ್ತು. ಖಾತೆ ಸಂಖ್ಯೆ ಇದ್ದ ಜಾಗದಲ್ಲಿ ಕ್ಯೂಆರ್ ಕೋಡಿನ ಚೌಕ ಕುಳಿತಿತ್ತು.

ಎರಡು ದಿನ ಜನರಿಂದ ಬರೀ ಸಮಾಧಾನದ ಮಾತು ಬರುತ್ತಿತ್ತು. ಶಾಲೆಯ ಗಣಿತದ ಟೀಚರ್ ಫೋನ್ ಮಾಡಿ, "ನಾನು ಬೆಳಿಗ್ಗೆಯೇ ಹಾಕಿದೆ, ಸಿಕ್ಕಿತಲ್ವಾ?" ಎಂದು ಕೇಳಿದಾಗಲೇ ನಾನು ಖಾತೆ ತೆರೆದು ನೋಡಿದ್ದು. ಏನೂ ಬಂದಿರಲಿಲ್ಲ. ಹಣ ಹೋದದ್ದರ ಸ್ಕ್ರೀನ್‌ಶಾಟ್ ಕಳುಹಿಸಿ ಎಂದೆ. ಕಳುಹಿಸಿದರು. ಹಣ ಪಡೆದವರ ಹೆಸರಿನ ಜಾಗದಲ್ಲಿ ನಾವು ಕೇಳಿಯೇ ಇರದ ಒಬ್ಬ ಗಂಡಸಿನ ಹೆಸರಿತ್ತು.

"ಈ ಹೆಸರನ್ನು ನೀವು ನೋಡಲಿಲ್ವಾ?" ಎಂದು ಕೇಳಿದೆ.

"ನೋಡಿದೆ. ನಿಮ್ಮ ಅಣ್ಣನೋ ತಮ್ಮನೋ ಇರಬೇಕು ಅಂದುಕೊಂಡೆ."

ಎಲ್ಲರೂ ಹಾಗೆಯೇ ಅಂದುಕೊಂಡಿದ್ದರು. ಆ ಹೆಸರು ಒಂದು ಕ್ಷಣ ಎಲ್ಲರ ಕಣ್ಣಮುಂದೆ ಬಂದು ಹೋಗಿತ್ತು. ಒಬ್ಬರಾದರೂ ಅಲ್ಲಿ ನಿಂತು ನನಗೊಂದು ಫೋನ್ ಮಾಡಿದ್ದರೆ ಸಾಕಿತ್ತು.

ಯುವಕನಿಗೆ ಫೋನ್ ಮಾಡಿದೆ. ಎತ್ತಿದ. "ಅದು ತಂಡದ ಖಾತೆ ಅಕ್ಕ, ಸಂಜೆಯೊಳಗೆ ನಿಮಗೆ ವರ್ಗ ಆಗ್ತದೆ. ಟೆನ್ಶನ್ ಮಾಡ್ಬೇಡಿ" ಎಂದ. ಸ್ವರ ಮೊದಲಿನಷ್ಟೇ ಮೃದುವಾಗಿತ್ತು. ಆಮೇಲೆ ಆ ನಂಬರ್ ಸ್ವಿಚ್ ಆಫ್.

ಉಡುಪಿಯ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟೆ. ಖಾತೆಯನ್ನು ತಡೆಹಿಡಿದರು, ಆದರೆ ಅಷ್ಟರಲ್ಲಿ ಹಣ ಬೇರೆ ಬೇರೆ ಕಡೆ ಹರಿದುಹೋಗಿತ್ತು. ಹಣ ಹೋದ ಕೂಡಲೇ ಸೈಬರ್ ಸಹಾಯವಾಣಿಗೆ ತಿಳಿಸಿದರೆ ಹಿಡಿಯುವ ಸಾಧ್ಯತೆ ಉಂಟು, ತಡವಾದಷ್ಟೂ ಕಷ್ಟ ಎಂದು ಅಲ್ಲಿನ ಅಧಿಕಾರಿ ವಿವರಿಸಿದರು. ನಮ್ಮ ಹಣ ಹೋದದ್ದಲ್ಲ, ನಮ್ಮ ಹೆಸರಿನಲ್ಲಿ ಊರಿನವರ ಹಣ ಹೋದದ್ದು ಎಂದೆ. "ಎರಡೂ ಒಂದೇ ಮೇಡಂ" ಎಂದರು. ಒಂದೇ ಆಗಿರಲಿಲ್ಲ. ಅದು ಆಮೇಲೆ ನಮಗೆ ಗೊತ್ತಾಯಿತು.

ಖಾತೆಯ ಮಾಲೀಕನನ್ನು ಕೆಲವು ವಾರಗಳಲ್ಲಿ ಹಿಡಿದು ತಂದರು. ಗುರುತಿಸಲು ನನ್ನನ್ನು ಕರೆಸಿದರು. ಅವನು ಆ ಯುವಕನಲ್ಲ. ಬಾಗಲಕೋಟೆಯ ಕಡೆಯಿಂದ ಬಂದು ಮಣಿಪಾಲದ ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುತ್ತಿದ್ದವನು. ಬೆರಳುಗಳು ಸಿಮೆಂಟಿನಿಂದ ಬಿರಿದಿದ್ದವು. "ಪಾಸ್‌ಬುಕ್ಕು, ಎಟಿಎಂ ಕಾರ್ಡು ಕೊಡು, ತಿಂಗಳಾ ಬಾಡಿಗಿ ಕೊಡತೀನಿ ಅಂತ ಒಬ್ಬಾಂವ ಅಂದಾನ್ರೀ ಅಕ್ಕಾರ. ಮನಿ ಬಾಡಿಗಿ ಕೊಟ್ಟಂಗ ಅಂದ್ಕೊಂಡ್ನಿ" ಎಂದ. ಅವನ ಹೆಂಡತಿ ಠಾಣೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಇಳಿದು ಬರುವಾಗ ನನ್ನ ಸೀರೆಯ ಅಂಚು ಹಿಡಿದುಕೊಂಡಳು. ನಾನು ಬಿಡಿಸಿಕೊಂಡು ಬಂದೆ. ಜೈಲಿಗೆ ಹೋದವನು ಅವನು. ಬಿಳಿ ಅಂಗಿಯವನು ಇಂದಿಗೂ ಸಿಕ್ಕಿಲ್ಲ.

ನನ್ನ ಗಂಡ ಬದುಕಿದರು. ಇಲಿಜ್ವರ ಕೊಲ್ಲದೆ ಬಿಟ್ಟರೆ ಪೂರ್ತಿ ಬಿಡುತ್ತದೆಯಂತೆ. ಮೂತ್ರಪಿಂಡ ಸರಿಯಾಯಿತು, ಮುಖಕ್ಕೆ ಬಣ್ಣ ಮರಳಿತು. ಆಸ್ಪತ್ರೆಯ ಖರ್ಚಿಗೆ ನನ್ನ ಕರಿಮಣಿಯ ಚಿನ್ನವೂ ಅವರ ದೊಡ್ಡ ಸ್ಪೀಕರುಗಳೂ ಹೋದವು. ಊರಿಗೆ ಕಂಡದ್ದು ಮಾತ್ರ ಬೇರೆ. ಸಾಯುತ್ತಾನೆಂದು ದುಡ್ಡು ಕೇಳಿದವನು ಗಟ್ಟಿಯಾಗಿ ಎದ್ದು ಓಡಾಡುತ್ತಿದ್ದಾನೆ. ಎಲ್ಲೂರಿನ ದೇವಸ್ಥಾನದಲ್ಲಿ ಯಾರೋ ಅತ್ತೆಯನ್ನು, "ಎಷ್ಟು ಒಟ್ಟಾಯಿತು?" ಎಂದು ಕೇಳಿದರಂತೆ. ಅತ್ತೆ ಆಮೇಲೆ ಸೋಮವಾರದ ಪೂಜೆಗೆ ಹೋಗುವುದನ್ನೇ ಬಿಟ್ಟರು.

ಬೇಸಿಗೆಯಲ್ಲಿ ಬೆಳ್ಮಣ್‌ನ ಒಂದು ಮದುವೆಗೆ ಮೈಕ್ ಹಾಕಲು ಕರೆ ಬಂತು. ಬಾಡಿಗೆಗೆ ಸ್ಪೀಕರ್ ತಂದು ಜೋಡಿಸಿದರು. ನಾನೂ ಆ ಮದುವೆಗೆ ಹೋಗಿದ್ದೆ. ಊಟಕ್ಕೆ ಕಾಯುತ್ತಿದ್ದ ಒಬ್ಬರು ಸ್ಪೀಕರಿನ ಮೇಲೆ ಕೈಯಾಡಿಸಿ, "ಹೊಸದಲ್ವಾ? ಒಳ್ಳೆಯದಾಯ್ತು ಮಾರಾಯ. ನನ್ನದೂ ಸ್ವಲ್ಪ ಉಂಟು ಇದರಲ್ಲಿ" ಎಂದು ನಕ್ಕರು. ಪಕ್ಕದವರೂ ನಕ್ಕರು. ನನ್ನ ಗಂಡ ಕೈಯಲ್ಲಿದ್ದ ವಯರ್ ಕೆಳಗಿಟ್ಟರು. ವೇದಿಕೆಯ ಬಳಿ ಹೋಗಿ ಹಾಡು ನಿಲ್ಲಿಸಿ ಮೈಕ್ ಎತ್ತಿಕೊಂಡರು.

"ಆ ವಿಡಿಯೋದಲ್ಲಿ ಹೇಳಿದ ಮಗ ನಾನು. ಅಳುವುದು ನನ್ನ ಅಮ್ಮ. ನೀವು ಕೊಟ್ಟದ್ದರಲ್ಲಿ ಒಂದು ರೂಪಾಯಿಯೂ ನಮಗೆ ಬರಲಿಲ್ಲ. ಪೊಲೀಸ್ ದೂರು ಉಂಟು, ಬೇಕಾದವರು ನೋಡಿ."

ಮದುಮಗಳು ತಲೆಯೆತ್ತಿ ನೋಡಿದಳು. ಅವಳ ತಂದೆ ಬಂದು ಮೈಕ್ ಕಿತ್ತುಕೊಂಡರು. "ಶುಭಕಾರ್ಯದಲ್ಲಿ ಇದೆಂತದ್ದು ನಿಮ್ಮದು? ನಾವು ಕೇಳಿದೆವಾ?" ಎಂದರು. ಯಾರೂ ಕೇಳಿರಲಿಲ್ಲ, ನಿಜ. ಅದೇ ಕಷ್ಟ. ಕೇಳಿದ್ದರೆ ಉತ್ತರ ಹೇಳಬಹುದಿತ್ತು.

ಅಂದಿನಿಂದ ನನ್ನ ಗಂಡನನ್ನು ಕರೆಯುವವರು ಕಡಿಮೆಯಾಗುತ್ತ ಬಂದು ಕೊನೆಗೆ ಇಲ್ಲವೇ ಆದರು. ದುಡ್ಡು ತಿಂದವನೆಂದು ಅಲ್ಲ, ಮದುವೆಯಲ್ಲಿ ರಂಪ ಮಾಡುವವನೆಂದು. ಈಗ ಅವರು ಉಡುಪಿಯಲ್ಲಿ ಒಂದು ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾರೆ.

ಪೋಷಕರ ಸಭೆಯಲ್ಲಿ ನಾನು ಈಗ ಹೇಳುತ್ತೇನೆ: ಚೌಕ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ರೋಗಿಯದೋ ಮನೆಯವರದೋ ಅಲ್ಲವಾದರೆ ಅಲ್ಲೇ ನಿಲ್ಲಿಸಿ. ಮನೆಯವರಿಗೆ ಫೋನ್ ಮಾಡಿ, ಅವರ ಸ್ವರ ಕೇಳಿ. ಸಾಧ್ಯವಾದರೆ ಆಸ್ಪತ್ರೆಯ ಕೌಂಟರಿಗೇ, ರೋಗಿಯ ಹೆಸರಿಗೆ ಕಟ್ಟಿ. ನಿಮ್ಮ ಖಾತೆಯನ್ನು, ಕಾರ್ಡನ್ನು ಬಾಡಿಗೆಗೆ ಕೇಳುವವನು ನಿಮ್ಮ ಕೊರಳನ್ನೇ ಕೇಳುತ್ತಿದ್ದಾನೆ. ತಲೆಯಾಡಿಸುತ್ತಾರೆ. ಒಬ್ಬ ತಾಯಿ ಎದ್ದು, "ಈಗ ಯಾರಿಗೂ ಕೊಡದೇ ಇರುವುದೇ ಒಳ್ಳೆಯದಲ್ವಾ ಟೀಚರ್?" ಎಂದು ಕೇಳಿದರು. ಅಲ್ಲ ಎಂದೆ. ಆದರೆ ನನ್ನ ಸ್ವರದಲ್ಲಿ ಬಲವಿರಲಿಲ್ಲ. ಆ ಬೆಂಚಿನಲ್ಲಿ ಈಗಲೂ ಯಾರೋ ಕುಳಿತಿರುತ್ತಾರೆ. ಅವರ ನಿಜವಾದ ವಿಡಿಯೋ ಬಂದರೂ ನಮ್ಮ ಊರಿನವರು ಬೆರಳಿನಿಂದ ಸರಿಸಿ ಮುಂದೆ ಹೋಗುತ್ತಾರೆ. ಬಿಳಿ ಅಂಗಿಯವನು ಕದ್ದದ್ದರಲ್ಲಿ ಆ ನಂಬಿಕೆಯೂ ಸೇರಿದೆ.

ಕಳೆದ ವರ್ಷ ಅತ್ತೆ ತೀರಿಕೊಂಡರು. ಹೋಗುವ ಮೊದಲು, "ನಾನು ಹಾಗೆ ಅಳಬಾರದಿತ್ತು" ಎಂದು ಹಲವು ಸಲ ಹೇಳಿದರು. ಉತ್ತರಕ್ರಿಯೆ ಮುಗಿದು ನಾನು ಶಾಲೆಗೆ ಮರಳಿದ ಮೇಲೆ ಒಂದು ದಿನ ಸಿಬ್ಬಂದಿಯ ಮೊಬೈಲ್ ಗುಂಪಿಗೆ ಒಂದು ವಿಡಿಯೋ ಬಂತು. ಕಾರ್ಕಳದ ಬಡ ತಾಯಿ, ಮಗನಿಗೆ ಕ್ಯಾನ್ಸರ್, ಎಲ್ಲರಿಗೂ ಹಂಚಿ ಎಂದು ಬರೆದಿತ್ತು. ಕಿಟಕಿಯ ಬಳಿ ನಿಂತು ಅಳುತ್ತಿದ್ದವರು ನನ್ನ ಅತ್ತೆ. ಕೆಳಗೆ ಹೊಸ ಚೌಕ. ಕಳುಹಿಸಿದವರು ಹೊಸದಾಗಿ ಸೇರಿದ ಟೀಚರ್, ಕೈಮುಗಿದ ಚಿತ್ರ ಬೇರೆ ಹಾಕಿದ್ದರು.

ಇವರು ನಮ್ಮ ಅತ್ತೆ, ತೀರಿಕೊಂಡಿದ್ದಾರೆ, ಇದು ಮೋಸ, ಅಳಿಸಿ ಎಂದು ಬರೆದೆ. "ಓ, ಸಾರಿ ಮೇಡಂ, ಗೊತ್ತಿರಲಿಲ್ಲ" ಎಂದು ಅಳಿಸಿದರು. ಅಷ್ಟರಲ್ಲಿ ತಮ್ಮ ಊರಿನ ಗುಂಪಿಗೂ ಕಳುಹಿಸಿಯಾಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಮತ್ತೆ ದೂರು ಕೊಡುವ ಎಂದೆ. ಅವರು ವಿಡಿಯೋವನ್ನು ತಮ್ಮ ಮೊಬೈಲಿಗೆ ಕಳುಹಿಸಲು ಹೇಳಿ, ಕೆಳಗಿನ ಬರಹವನ್ನೂ ಚೌಕವನ್ನೂ ಕತ್ತರಿಸಿ ಇಟ್ಟುಕೊಂಡರು.

"ಅದನ್ನು ಯಾಕೆ ಇಟ್ಟುಕೊಳ್ಳುವುದು?" ಎಂದು ಕೇಳಿದೆ.

"ಊರಿನವರದ್ದೆಲ್ಲ ಸ್ವರ ರೆಕಾರ್ಡ್ ಮಾಡಿದೆ. ಅಮ್ಮನದ್ದು ಬೇರೆ ಎಲ್ಲಿ ಉಂಟು?" ಎಂದರು.

ಮರುದಿನ ಉಡುಪಿಗೆ ಹೋಗಿ ಎರಡನೆಯ ದೂರು ಬರೆದುಕೊಟ್ಟೆ. ಹೊಸ ಅಧಿಕಾರಿ ಬಂದಿದ್ದರು. ಮೊದಲಿನಿಂದ ಹೇಳಿ ಎಂದರು.