ಬಾವಿಕಟ್ಟೆಯಿಂದ ನಾನೇ ಎಬ್ಬಿಸಿದ ದೊಡ್ಡವ್ವ

ಮೊನ್ನೆ ಶಹಾಪುರದ ಬಸ್ಸಿನಲ್ಲಿ ಪಕ್ಕದವನ ಕಂಬಳಿ ಮಳೆಗೆ ತೋಯ್ದಿತ್ತು. ಆ ಹಸಿ ಉಣ್ಣೆಯ ವಾಸನೆಗೆ ದೊಡ್ಡವ್ವ ಬಂದು ಮಗ್ಗುಲಲ್ಲಿ ಕುಳಿತಂತಾಯಿತು...

ತಾಯಿ ಸತ್ತ ನನ್ನನ್ನು ಹತ್ತಿಕುಣಿ ಕಡೆಯ ನಮ್ಮೂರಲ್ಲಿ ಕುರಿಗಳ ನಡುವೆ ಸಾಕಿದವಳು ಅವಳು. ನಿಜಾಮರ ಆಳ್ವಿಕೆ ಮುಗಿದು ಹೊಸ ಸರ್ಕಾರ ಬಂದಾಗ, ಮೆಟ್ರಿಕ್ ಆಗಿದ್ದ ನನಗೆ ಯಾದಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನ ನೌಕರಿ ಸಿಕ್ಕಿತು. ಕುರಿ ಮಾರಿ ಅವಳನ್ನು ಕರೆತಂದೆ. ಬಂದ ವಾರದೊಳಗೆ ಅವಳು ಓಣಿಯ ಬಾವಿಕಟ್ಟೆ ಹುಡುಕಿಕೊಂಡಳು. ಅಲ್ಲಿ ಉಣ್ಣೆ ನೂಲುವ ಮುದುಕಿಯರ ಗುಂಪಿತ್ತು. ಅವಳೂ ಕದರು ತಿರುಗಿಸುತ್ತ ಕೂತುಬಿಟ್ಟಳು. ಯಾರ ಸೊಸೆ ಬಸುರಿ, ಯಾರ ಕುರಿ ಈದಿತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿರುತ್ತಿತ್ತು.

ಒಂದು ದಿನ ಕಚೇರಿಯಲ್ಲಿ ಜೊತೆಯವನೊಬ್ಬ ಎಲ್ಲರೆದುರು ನಕ್ಕ. "ಯಾಕ, ಪಗಾರ ಸಾಲೂದಿಲ್ಲೇನ್ರಿ? ನಿಮ್ಮ ಮುದಿಕಿ ಬಾವಿಕಟ್ಟಿ ಮ್ಯಾಲ ಉಣ್ಣಿ ನೂಲಾಕತ್ತಾಳಲ್ಲ!"

ನೇರ ಅಲ್ಲಿಗೇ ಹೋಗಿ ಅವಳ ಕೈಯ ಕದರು ಕಿತ್ತುಕೊಂಡೆ. "ಇನ್ನ ಮನ್ಯಾಗ ಕುಂತು ಉಣ್ಣು. ನನ್ನ ಮಾನ ಕಳೀಬ್ಯಾಡ."

"ಕುಂತು ಉಣ್ಣಾಕ ನಾ ಏನ್ ಬ್ಯಾನಿ ಬಿದ್ದೇನೇನೋ ಸಾಹೇಬಾ?" ಎಂದು ನಕ್ಕಳು. ನಾನು ನಗಲಿಲ್ಲ.

ಆ ಮುದುಕಿಯರು ಎರಡು ಮೂರು ಸಲ ಬಾಗಿಲಿಗೆ ಬಂದು ಅವಳನ್ನು ಕೇಳಿದರು. ದೊಡ್ಡವ್ವ ಒಳಗೆ ಎಚ್ಚರವಿದ್ದಾಗಲೇ "ಮಲಗ್ಯಾಳ" ಎಂದು ಕಳಿಸಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಅವರು ಬರುವುದನ್ನೇ ಬಿಟ್ಟರು.

ಹಾಲು, ತುಪ್ಪ, ಮೆತ್ತನೆಯ ಹಾಸಿಗೆ... ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವಳೊಡನೆ ಮಾತಾಡುವವರು ಮಾತ್ರ ಯಾರೂ ಇರಲಿಲ್ಲ. ನಾನೂ ಮಾತಾಡುತ್ತಿರಲಿಲ್ಲ. ಮೊದಲು ಉಂಡದ್ದನ್ನು ಮರೆತಳು. ಬಳಿಕ ಸಂಜೆಯಾದರೆ ಗೋಡೆಯತ್ತ ತಿರುಗಿ ಕುರಿ ಕರೆಯತೊಡಗಿದಳು. ಒಂದು ಮುಂಜಾನೆ ನನ್ನನ್ನೇ ನೋಡಿ, "ನೀ ಯಾರ ಮಗ ತಮ್ಮಾ?" ಎಂದಳು.

ಹೆದರಿ, ಕೈಹಿಡಿದು ಬಾವಿಕಟ್ಟೆಗೆ ಕರೆದೊಯ್ದೆ. ಮುದುಕಿಯರು ಸರಿದು ಜಾಗ ಮಾಡಿದರು. ಒಬ್ಬಳು ತನ್ನ ಕದರನ್ನೇ ಅವಳ ಕೈಗಿಟ್ಟಳು. ದೊಡ್ಡವ್ವ ಅದನ್ನು ಹೊರಳಿಸಿ ನೋಡಿ ನನಗೆ ಕೊಟ್ಟಳು. "ಇವ್ರೆಲ್ಲ ಯಾರೋ ಏನೋ. ಮನಿಗಿ ಹೋಗೂಣು ನಡಿ."

"ಈಗ ಕರಕೊಂಡ ಬಂದ್ರೇನ್ರಿ ಸಾಹೇಬ್ರ?" ಎಂದಳು ಕದರು ಕೊಟ್ಟಿದ್ದ ಮುದುಕಿ.

ದೊಡ್ಡವ್ವ ಹೋಗಿ ಬಹಳ ವರ್ಷಗಳಾದವು. ಅವಳ ವಯಸ್ಸನ್ನು ನಾನು ದಾಟಿದ್ದೇನೆ. ಸಂಜೆಗೆ ಗುಡಿಯ ಮುಂದೆ ನನ್ನ ಸರೀಕರ ಹರಟೆ ಸೇರುತ್ತದೆ. ನಾನು ಹೊರಡುವುದು ತಡವಾದರೆ ಸೊಸೆ, "ಹೋಗ್ರಿ ಮಾವಾರ, ನಿಮ್ಮ ಮಂದಿ ಕಾಯಾಕತ್ತಾರ" ಎಂದು ಎಬ್ಬಿಸಿ ಕಳಿಸುತ್ತಾಳೆ.

ಆ ಮಾತನ್ನು ದೊಡ್ಡವ್ವನಿಗೆ ನಾನು ಒಂದು ದಿನವೂ ಹೇಳಲಿಲ್ಲ.